ಓದುತ್ತಿರುವುದು, ಮುಗಿಸಿದ್ದು, ಮುಂದಿನದು: ಪತ್ತೇದಾರಿ, ವೈಜ್ಞಾನಿಕ, ಥ್ರಿಲ್ಲರ್ ಓದುಗರು ಲೆಕ್ಕ ಇಡುವುದು ಹೇಗೆ?

ರಾಗಿಗುಡ್ಡದ ರಾತ್ರಿಪಾಳಿ

ಪತ್ತೇದಾರಿ, ವೈಜ್ಞಾನಿಕ, ಭಯಾನಕ, ಥ್ರಿಲ್ಲರ್ ಕಾದಂಬರಿಗಳನ್ನೇ ಹೆಚ್ಚಾಗಿ ಓದುವವರಿಗೆ ಒಂದು ಪ್ರಶ್ನೆ. ಈಗ ಓದುತ್ತಿರುವುದು, ಓದಿ ಮುಗಿಸಿದ್ದು, ಮುಂದೆ ಓದಬೇಕಾದದ್ದು, ಈ ಮೂರನ್ನೂ ಎಲ್ಲಿ ಬರೆದಿಡುತ್ತೀರಿ? ನೋಟ್‌ಬುಕ್ಕೋ, ಮೊಬೈಲ್ ಆ್ಯಪ್ಪೋ, ಎಕ್ಸೆಲ್ಲೋ, ಬರೀ ನೆನಪೋ?

ನನ್ನದು ಸದ್ಯ ಹೀಗಿದೆ. ಓದುತ್ತಿರುವುದು ಎರಡು: ತೇಜಸ್ವಿಯವರ ‘ಚಿದಂಬರ ರಹಸ್ಯ’ದ ಮರು ಓದು, ಜೊತೆಗೆ ವೈಜ್ಞಾನಿಕ, ಫ್ಯಾಂಟಸಿ ಕೃತಿಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯನ್ನು 2025ರಲ್ಲಿ ಪಡೆದ ರಾಬರ್ಟ್ ಜಾಕ್ಸನ್ ಬೆನೆಟ್ ಅವರ ‘ದ ಟೇಂಟೆಡ್ ಕಪ್’. ಎರಡರಲ್ಲೂ ಸಾವಿನ ತನಿಖೆ ಇದೆ, ಎರಡರಲ್ಲೂ ಗಿಡಮರಗಳಿಗೆ ದೊಡ್ಡ ಪಾತ್ರವಿದೆ. ಏಲಕ್ಕಿಯ ಜಾಡು ಹಿಡಿದು ಕೆಸರೂರಿಗೆ ಬರುವ ಅಂಗಡಿಯನ್ನೂ, ಮೈಯೊಳಗಿಂದ ಮರವೇ ಸಿಡಿದು ಸತ್ತ ಅಧಿಕಾರಿಯ ಪ್ರಕರಣ ಹಿಡಿದು ಹೊರಡುವ ಡಿನ್‌ನನ್ನೂ ಒಟ್ಟೊಟ್ಟಿಗೆ ಓದುವ ಸುಖವೇ ಬೇರೆ. ಆ ಡಿನ್ ಕಂಡದ್ದನ್ನೆಲ್ಲ ಅಚ್ಚಳಿಯದಂತೆ ನೆನಪಿಟ್ಟುಕೊಳ್ಳಲು ತನ್ನ ದೇಹವನ್ನೇ ಮಾರ್ಪಡಿಸಿಕೊಂಡವನು. ನಮಗೆ ಆ ಸೌಲಭ್ಯ ಇಲ್ಲವಾದ್ದರಿಂದ ಈ ಪ್ರಶ್ನೆ.

ಮೊನ್ನೆ ಮುಗಿಸಿದ್ದು ಕೆ.ಎನ್. ಗಣೇಶಯ್ಯನವರ ‘ಬಳ್ಳಿಕಾಳ ಬೆಳ್ಳಿ’. ಮುಂದಿನದರ ಸಾಲು ಕಪಾಟಿನಿಂದ ಹೊರಗೆ ಬಂದು ಮಂಚದ ಕೆಳಗೆ ಸೇರಿದೆ.

ನನ್ನ ತೊಡಕು ಎರಡು. ಸರಣಿ ಕಾದಂಬರಿಯ ಮುಂದಿನ ಭಾಗ ಬರುವಷ್ಟರಲ್ಲಿ ಹಿಂದಿನ ಭಾಗದಲ್ಲಿ ಯಾರು ಬದುಕಿದರು, ಯಾರು ಸತ್ತರು ಎಂಬುದೇ ಮರೆತಿರುತ್ತದೆ. ಕನ್ನಡದ ಹಳೆಯ ಪತ್ತೇದಾರಿಗಳನ್ನಂತೂ ಯಾವ ಆ್ಯಪ್ ಕೂಡ ಗುರುತಿಸುವುದಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ನೇರಳೆ ಮಾರ್ಗ

ನಾನು ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ವರೆಗೆ ಮೆಟ್ರೊದಲ್ಲಿ ಓದುವವಳು. ಓದಿನ ಲೆಕ್ಕ ಇಡುವ ಆ್ಯಪ್‌ಗಳಲ್ಲಿ ನನ್ನದು ಮೊದಲು ಗುಡ್‌ರೀಡ್ಸ್, ಈಗ ಸ್ಟೋರಿಗ್ರಾಫ್. ಬದಲಾಯಿಸಿದ್ದಕ್ಕೆ ಮುಖ್ಯ ಕಾರಣ, ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ಅಲ್ಲಿ ಮೊದಲಿನಿಂದಲೂ ಬೇರೆ ಜಾಗವಿದೆ. ಮೂರು ಪಟ್ಟಿ ಸಾಲದು ಎನ್ನುವುದು ನನ್ನ ವಾದ. ನೂರು ಪುಟ ಓದಿ ಕೈಬಿಟ್ಟ ಪುಸ್ತಕವನ್ನು ‘ಓದುತ್ತಿರುವುದು’ ಎಂದು ಇಟ್ಟುಕೊಂಡರೆ ಅದು ಪ್ರತಿ ಸಲವೂ ಮುಖ ನೋಡಿ ಕೆಣಕುತ್ತದೆ, ‘ಮುಗಿಸಿದ್ದು’ ಎಂದರೆ ಸುಳ್ಳಾಗುತ್ತದೆ. ಬಿಟ್ಟದ್ದಕ್ಕೆ ಕಾರಣವನ್ನೂ ಒಂದು ಸಾಲು ಬರೆದಿಡುತ್ತೇನೆ. ‘ಭಾಷೆ ಸಾಕಾಯಿತು’ ಬೇರೆ, ‘ಪರೀಕ್ಷೆ ಬಂತು’ ಬೇರೆ. ಎರಡನೆಯದಕ್ಕೆ ಮರಳಿ ಹೋಗಬಹುದು.

ಸರಣಿಗಳ ಮರೆವಿಗೆ ನನ್ನ ಉಪಾಯ ಇದು: ಭಾಗ ಮುಗಿದ ದಿನವೇ, ಮಲಗುವ ಮುನ್ನ, ಕಥೆ ಎಲ್ಲಿಗೆ ಬಂದು ನಿಂತಿತು ಎಂದು ನನಗಾಗಿ ಮಾತ್ರ ಬರೆಯುವುದು. ಯಾರು ಎಲ್ಲಿದ್ದಾರೆ, ಯಾರ ಕೈಯಲ್ಲಿ ಏನಿದೆ, ಯಾವ ಗುಟ್ಟು ಯಾರಿಗೆ ಗೊತ್ತು. ವಿಮರ್ಶೆ ಬೇಡ, ಅಭಿಪ್ರಾಯ ಬೇಡ. ‘ವೀಲ್ ಆಫ್ ಟೈಮ್’ ಎಂಬ ಫ್ಯಾಂಟಸಿ ಸರಣಿ ಓದುತ್ತಿರುವವರಿಗೆ ಇದು ಇಲ್ಲದೆ ದಾರಿಯೇ ಇಲ್ಲ. ಮುಖ್ಯ ಕಾದಂಬರಿಗಳೇ 14. ಮೊದಲನೆಯದು 1990ರಲ್ಲಿ ಬಂತು. 2007ರಲ್ಲಿ ಲೇಖಕ ರಾಬರ್ಟ್ ಜೋರ್ಡನ್ ತೀರಿಕೊಂಡ ಮೇಲೆ ಬ್ರಾಂಡನ್ ಸ್ಯಾಂಡರ್ಸನ್ ಮುಂದುವರಿಸಿ 2013ರಲ್ಲಿ ಮುಗಿಸಿದರು. ಬರೆದವರೇ ಟಿಪ್ಪಣಿಗಳನ್ನು ಬಿಟ್ಟುಹೋಗದಿದ್ದರೆ ಅದು ಮುಗಿಯುತ್ತಿರಲಿಲ್ಲ. ಓದುವವರು ಟಿಪ್ಪಣಿ ಇಟ್ಟುಕೊಳ್ಳುವುದರಲ್ಲಿ ನಾಚಿಕೆ ಏಕೆ?

ಕೊನೆಪುಟ ಮೊದಲು

ಸಂತೋಷಕ್ಕೆ ಓದುವ ಪುಸ್ತಕಕ್ಕೂ ಜಮಾಖರ್ಚೇ? ಕೊಲೆಗಾರ ಯಾರೆಂದು ಮರೆತುಹೋದರೆ ಲಾಭವೇ ಆಯಿತು, ಅದೇ ದುಡ್ಡಿನಲ್ಲಿ ಇನ್ನೊಂದು ಸಲ ಓದಬಹುದು.

ಹಳೇ ಪುಟ

ಕೊನೆಪುಟದವರೇ, ಜಮಾಖರ್ಚು ಈಗಿನವರ ಆವಿಷ್ಕಾರವೇನೂ ಅಲ್ಲ. ನಾನು ಬ್ಯಾಂಕಿನಿಂದ ನಿವೃತ್ತನಾದವನು, ಹಾಗಾಗಿ ಲೆಕ್ಕದ ಪರವಾಗಿ ಮಾತನಾಡುತ್ತಿದ್ದೇನೆ ಎಂದುಕೊಂಡರೂ ಅಡ್ಡಿಯಿಲ್ಲ.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಕಡೆ ಬೀದಿಗೊಂದರಂತೆ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಠೇವಣಿ ಕಟ್ಟಿ ದಿನಬಾಡಿಗೆಗೆ ಕಾದಂಬರಿ ತರುವ ಪದ್ಧತಿ. ಪುಸ್ತಕಕ್ಕೆ ಕಂದು ಬಣ್ಣದ ದಪ್ಪ ಕಾಗದದ ಹೊದಿಕೆ ಹಾಕಿ, ಮೇಲೆ ಒಂದು ನಂಬರು ಬರೆದಿರುತ್ತಿದ್ದರು. ಮುಖಪುಟವೂ ಇಲ್ಲ, ಬೆನ್ನುಡಿಯೂ ಇಲ್ಲ. ಪತ್ತೇದಾರಿ ಕಾದಂಬರಿಗಳ ಹೆಸರುಗಳಂತೂ ಎಲ್ಲವೂ ಒಂದೇ ತರಹ: ರಹಸ್ಯ, ಕೊಲೆ, ಮಧ್ಯರಾತ್ರಿ, ನಿಗೂಢ, ಇವನ್ನೇ ಹಿಂದೆಮುಂದೆ ಜೋಡಿಸಿದರೆ ಒಂದು ಶೀರ್ಷಿಕೆ. ಎನ್. ನರಸಿಂಹಯ್ಯನವರೊಬ್ಬರೇ ಐನೂರಕ್ಕೂ ಹೆಚ್ಚು ಬರೆದರು. ಅವರ ಪತ್ತೇದಾರರಲ್ಲಿ ಪುರುಷೋತ್ತಮ ಬಂದದ್ದು ಯಾವುದರಲ್ಲಿ, ಅರಿಂಜಯ ಬಂದದ್ದು ಯಾವುದರಲ್ಲಿ ಎಂದು ಯಾರು ನೆನಪಿಡುತ್ತಾರೆ? ಆಗ ಓದುಗರು ಮಾಡುತ್ತಿದ್ದ ಕೆಲಸ ಕೇಳಿ. ಪ್ರತಿಯೊಬ್ಬರೂ ಒಂದು ಪುಟವನ್ನು ಆರಿಸಿಕೊಂಡು, ಆ ಪುಟದ ಮೂಲೆಯಲ್ಲಿ ಪೆನ್ಸಿಲ್‌ನಿಂದ ತಮ್ಮ ಗುರುತು ಹಾಕುತ್ತಿದ್ದರು. ಒಬ್ಬರು ಚುಕ್ಕಿ, ಒಬ್ಬರು ತ್ರಿಕೋನ, ಒಬ್ಬರು ಹೆಸರಿನ ಮೊದಲಕ್ಷರ. ಮನೆಯ ಬಾಗಿಲ ಸಂಖ್ಯೆಯ ಪುಟವನ್ನೇ ಆರಿಸಿಕೊಂಡವರಿದ್ದರು. ಪುಸ್ತಕ ತೆಗೆದುಕೊಳ್ಳುವ ಮೊದಲು ನೇರ ಆ ಪುಟ ತೆರೆದು ನೋಡುವುದು, ಗುರುತಿದ್ದರೆ ವಾಪಸು ಇಡುವುದು. ಒಂದೊಂದು ಪುಸ್ತಕದಲ್ಲಿ ಹತ್ತಾರು ಗುರುತುಗಳು. ಲೈಬ್ರರಿಯವರು ನೋಡಿಯೂ ನೋಡದವರಂತೆ ಇರುತ್ತಿದ್ದರು. ಅವರಿಗೂ ಅದರಿಂದ ಜಗಳ ಕಡಿಮೆ.

ಇನ್ನೊಂದು, ಧಾರಾವಾಹಿ. ‘ಸುಧಾ’ 1965ರಲ್ಲಿ ಶುರುವಾಯಿತು, ‘ತರಂಗ’ 1983ರಲ್ಲಿ. ಕಂತು ಕಂತಾಗಿ ಬಂದ ಕಾದಂಬರಿಯ ಪುಟಗಳನ್ನು ಕತ್ತರಿಸಿ, ದಬ್ಬಳದಲ್ಲಿ ತೂತು ಮಾಡಿ ಹೊಲಿದು, ಕೆಲವರು ಅವೆನ್ಯೂ ರಸ್ತೆಯ ಕಡೆ ಕೊಟ್ಟು ಕ್ಯಾಲಿಕೊ ಬೈಂಡ್ ಮಾಡಿಸಿ ಇಟ್ಟುಕೊಳ್ಳುತ್ತಿದ್ದರು. ಅದರಲ್ಲಿ ‘ಓದುತ್ತಿರುವುದು’ ಎಂದರೆ ಇಡೀ ಊರೇ ಒಂದೇ ಕಂತಿನಲ್ಲಿ ನಿಂತಿರುತ್ತಿತ್ತು. ‘ಮುಂದಿನದು’ ಎಂಬುದನ್ನು ನಿರ್ಧರಿಸುವವರು ಸಂಪಾದಕರು. ಒಂದು ವಾರ ಕಂತು ಬಾರದಿದ್ದರೆ ಓದುಗರ ಪತ್ರಗಳ ಪುಟದಲ್ಲಿ ಗಲಾಟೆ.

ನಾನು ಈಗಲೂ ಡೈರಿಯಲ್ಲಿ ಬರೆಯುತ್ತೇನೆ. ಬ್ಯಾಂಕುಗಳು ಡೈರಿ ಹಂಚುವುದನ್ನು ಕಡಿಮೆ ಮಾಡಿರುವುದರಿಂದ ಕೊಂಡು ತರಬೇಕಾಗಿದೆ, ಅದೊಂದೇ ದುಃಖ.

ರಾಗಿಗುಡ್ಡದ ರಾತ್ರಿಪಾಳಿ

ಹಳೇ ಪುಟ ಸರ್, ಪೆನ್ಸಿಲ್ ಗುರುತಿನ ವಿಷಯ ಓದಿ ನನ್ನ ಬಳಿ ಇರುವ ಸೆಕೆಂಡ್ ಹ್ಯಾಂಡ್ ಪತ್ತೇದಾರಿಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲಿ 47ನೇ ಪುಟದಲ್ಲಿ ‘ಕಂ’ ಎಂದಿದೆ, ಅದರ ಕೆಳಗೆ ಒಂದು ನಕ್ಷತ್ರ. ಇಷ್ಟು ದಿನ ಅದನ್ನು ಯಾರೋ ಮಕ್ಕಳು ಗೀಚಿದ್ದು ಎಂದೇ ತಿಳಿದಿದ್ದೆ.

ಎಕ್ಸೆಲ್ ಅಣ್ಣ

ಕೋಷ್ಟಕದ ಪರವಾಗಿ ಒಬ್ಬರಾದರೂ ಮಾತನಾಡಬೇಕಲ್ಲ. ಆ್ಯಪ್ ಎಷ್ಟೇ ಚೆನ್ನಾಗಿರಲಿ, ಅದರಲ್ಲಿರುವುದು ಬೇರೆಯವರ ಕಪಾಟು. ನಾಳೆ ಮುಚ್ಚಿದರೆ ನಮ್ಮ ಪಟ್ಟಿಯೂ ಹೋಗುತ್ತದೆ. ಗುಡ್‌ರೀಡ್ಸ್‌ನಿಂದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬಹುದು, ಅದನ್ನೇ ಸ್ಟೋರಿಗ್ರಾಫ್‌ಗೂ ಏರಿಸಬಹುದು. ವರ್ಷಕ್ಕೊಮ್ಮೆಯಾದರೂ ಇಳಿಸಿಕೊಂಡು ಇಟ್ಟುಕೊಳ್ಳಿ.

ನನ್ನ ಹಾಳೆಯಲ್ಲಿ ಶೀರ್ಷಿಕೆ, ಲೇಖಕ, ಪ್ರಕಾಶನ, ಮುದ್ರಣದ ವರ್ಷ, ಸ್ಥಿತಿ, ಎಲ್ಲಿಂದ ಬಂತು, ಯಾರಿಗೆ ಕೊಟ್ಟಿದ್ದೇನೆ ಎಂಬ ಕಾಲಂಗಳಿವೆ. ಕೊನೆಯದೇ ಅತಿ ಮುಖ್ಯ. ಥ್ರಿಲ್ಲರ್‌ಗಳು ಮನೆಯಿಂದ ಹೊರಗೆ ಹೋದರೆ ತಿರುಗಿ ಬರುವುದು ಅಪರೂಪ.

ಆದರೆ ನಾನು ಹೇಳಬೇಕೆಂದದ್ದು ಇನ್ನೆರಡು ಕಾಲಂಗಳ ಬಗ್ಗೆ. ಒಂದು, ‘ಬೇರೆ ಹೆಸರು’. ಅಗಾಥಾ ಕ್ರಿಸ್ಟಿಯ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ 1934ರಲ್ಲಿ ಅಮೆರಿಕದಲ್ಲಿ ‘ಮರ್ಡರ್ ಇನ್ ದಿ ಕ್ಯಾಲೆ ಕೋಚ್’ ಎಂಬ ಹೆಸರಿನಲ್ಲಿ ಬಂತು. ‘ಲಾರ್ಡ್ ಎಡ್ಜ್‌ವೇರ್ ಡೈಸ್’ ಅಲ್ಲಿ ‘ಥರ್ಟೀನ್ ಅಟ್ ಡಿನ್ನರ್’. ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಅಮೆರಿಕದ ಪ್ರತಿಯೂ ಬ್ರಿಟನ್ನಿನ ಪ್ರತಿಯೂ ಒಂದೇ ಕಪಾಟಿನಲ್ಲಿ ಇರುತ್ತವೆ. ನಮ್ಮ ಊರಿನದೇ ಉದಾಹರಣೆ ಬೇಕೆಂದರೆ ಲಾವಣ್ಯ ಲಕ್ಷ್ಮೀನಾರಾಯಣ್ ಅವರದು. ಮುಂದೊಂದು ಕಾಲದ ಬೆಂಗಳೂರು ‘ಏಪೆಕ್ಸ್ ಸಿಟಿ’ ಆಗಿಬಿಟ್ಟಿರುವ ಆ ಇಂಗ್ಲಿಷ್ ಕೃತಿ 2020ರಲ್ಲಿ ಇಲ್ಲಿ ‘ಅನಲಾಗ್/ವರ್ಚುವಲ್’ ಎಂದು ಬಂತು, 2023ರಲ್ಲಿ ಹೊರದೇಶಗಳಲ್ಲಿ ‘ದಿ ಟೆನ್ ಪರ್ಸೆಂಟ್ ಥೀಫ್’ ಆಯಿತು. ವೈಜ್ಞಾನಿಕ ಕಾದಂಬರಿಗಳಿಗೆ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ 2024ರ ಕಿರುಪಟ್ಟಿಗೆ ಬಂದದ್ದು ಎರಡನೆಯ ಹೆಸರಿನಲ್ಲಿ. ಪಟ್ಟಿಯಲ್ಲಿ ಎರಡೂ ಹೆಸರು ಇಲ್ಲದಿದ್ದರೆ ಒಂದೇ ಪುಸ್ತಕ ‘ಮುಗಿಸಿದ್ದು’ ಮತ್ತು ‘ಮುಂದಿನದು’ ಎರಡರಲ್ಲೂ ಕುಳಿತಿರುತ್ತದೆ.

ಎರಡನೆಯದು, ‘ಸರಣಿಯಲ್ಲಿ ಎಷ್ಟನೆಯದು’. ಇದನ್ನು ಎರಡು ಕಾಲಂ ಮಾಡಿ: ಪ್ರಕಟವಾದ ಕ್ರಮ, ಕಥೆಯೊಳಗಿನ ಕ್ರಮ. ಐಸಾಕ್ ಅಸಿಮೊವ್ ‘ಫೌಂಡೇಶನ್’ನ ಮೂರು ಪುಸ್ತಕಗಳನ್ನು 1951ರಿಂದ 1953ರೊಳಗೆ ತಂದರು, ನಾಲ್ಕನೆಯದು 1982ರಲ್ಲಿ, ಎಲ್ಲಕ್ಕಿಂತ ಮೊದಲು ನಡೆಯುವ ಕಥೆ 1988ರಲ್ಲಿ ಬಂತು. ಕಥೆಯ ಕಾಲಕ್ರಮದಲ್ಲಿ ಶುರು ಮಾಡಿದವರು 1988ರದ್ದನ್ನು ಮೊದಲು ಓದಿ, ಹಳೆಯ ಪುಸ್ತಕಗಳು ಜತನವಾಗಿ ಮುಚ್ಚಿಟ್ಟಿದ್ದನ್ನು ಮುಂಚೆಯೇ ತಿಳಿದುಕೊಂಡುಬಿಡುತ್ತಾರೆ. ನಾನು ಪ್ರಕಟವಾದ ಕ್ರಮದವನು, ಈ ವಿಷಯದಲ್ಲಿ ರಾಜಿಯಿಲ್ಲ. ತಮ್ಮ ಪತ್ತೇದಾರ ಪ್ವಾರೊನ ಕೊನೆಯ ಪ್ರಕರಣ ‘ಕರ್ಟನ್’ ಅನ್ನು ಕ್ರಿಸ್ಟಿ ಬರೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಪ್ರಕಟಿಸಿದ್ದು 1975ರಲ್ಲಿ. ಬರೆದ ಕ್ರಮದಲ್ಲಿ ಓದುತ್ತೇನೆ ಎಂದು ಹೊರಟವರ ಗತಿ ಏನು, ನೀವೇ ಯೋಚಿಸಿ.

ನೇರಳೆ ಮಾರ್ಗ

ಎಕ್ಸೆಲ್ ಅಣ್ಣ, ಕಾಲಂಗಳಲ್ಲಿ ಅಂಕ ಕೊಡುವ ಕಾಲಂ ಇಲ್ಲವೇ?

ಎಕ್ಸೆಲ್ ಅಣ್ಣ

ಇಲ್ಲ. ಓದಿದ ರಾತ್ರಿ ಐದಕ್ಕೆ ಐದು ಎನಿಸಿದ ಥ್ರಿಲ್ಲರ್ ಮರುದಿನ ಮಧ್ಯಾಹ್ನಕ್ಕೆ ಮೂರಾಗಿರುತ್ತದೆ. ಅದರ ಬದಲು ‘ಯಾರಿಗೆ ಕೊಡಬಹುದು’ ಎಂದು ಬರೆಯುತ್ತೇನೆ. ಅಕ್ಕನಿಗೆ, ಆಫೀಸಿನಲ್ಲಿ ಪಕ್ಕದವರಿಗೆ, ಯಾರಿಗೂ ಬೇಡ. ಇದರಿಂದ ಪುಸ್ತಕದ ಗುಣ ಚೆನ್ನಾಗಿ ತಿಳಿಯುತ್ತದೆ.

ಮಲ್ಲಿಗೆ ಮತ್ತು ಮಂಗಳಗ್ರಹ

ನನ್ನ ಜಗಳ ಬೇರೆ. ‘ಪ್ರಕಾರ’ ಎಂಬ ಕಾಲಂನಲ್ಲಿ ಏನು ಬರೆಯುತ್ತೀರಿ? ರಾತ್ರಿಪಾಳಿಯವರು ‘ಚಿದಂಬರ ರಹಸ್ಯ’ವನ್ನು ಪತ್ತೇದಾರಿಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. 1987ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಅದು. ಕಾಲೇಜಿನಲ್ಲಿ ನಮ್ಮ ಮೇಷ್ಟ್ರ ಎದುರು ಹಾಗೆ ಹೇಳಿದ್ದರೆ ತರಗತಿಯಿಂದ ಹೊರಗೆ ಕಳುಹಿಸುತ್ತಿದ್ದರು.

ಹಳೇ ಪುಟ

ಮೇಷ್ಟ್ರು ಹೊರಗೆ ಕಳುಹಿಸಿದ್ದರೆ ಕಾರಿಡಾರಿನಲ್ಲಿ ನಿಂತು ಅದೇ ಕಾದಂಬರಿಯನ್ನು ಮುಗಿಸಬಹುದಿತ್ತು, ತಂಗಿ.

ರಾಗಿಗುಡ್ಡದ ರಾತ್ರಿಪಾಳಿ

ಗುಪ್ತಚರ ಇಲಾಖೆಯ ಮನುಷ್ಯ ಊರಿಗೆ ಬರುತ್ತಾನೆ, ವಿಜ್ಞಾನಿಯೊಬ್ಬನ ಸಾವಿದೆ, ಊರಿನಲ್ಲಿ ಎಲ್ಲರೂ ಏನೋ ಮುಚ್ಚಿಡುತ್ತಿದ್ದಾರೆ. ಇದು ಪತ್ತೇದಾರಿಯ ಚೌಕಟ್ಟಲ್ಲದೆ ಮತ್ತೇನು? ಆ ಚೌಕಟ್ಟಿನೊಳಗೆ ತೇಜಸ್ವಿ ಇಡೀ ಮಲೆನಾಡಿನ ಜಾತಿ, ರಾಜಕೀಯ, ಕಾಡು ಎಲ್ಲವನ್ನೂ ತುಂಬಿದರು ಎಂಬುದು ಅದರ ಮೇಲಿನ ಮಾತು. ‘ಜುಗಾರಿ ಕ್ರಾಸ್’ ಇನ್ನೂ ಸ್ಪಷ್ಟ. ಹೆಚ್ಚುಕಡಿಮೆ ಒಂದು ದಿನದೊಳಗೆ ನಡೆದುಹೋಗುವ ಕಥೆ, ಬೆನ್ನಟ್ಟಿ ಬರುವವರು, ಹಳೆಯ ಕೃತಿಯೊಂದರಲ್ಲಿ ಅಡಗಿದ ಸುಳಿವು, ರೈಲು. 1994ರಲ್ಲಿ ಬಂದ ಈ ಕಾದಂಬರಿಯನ್ನು ಥ್ರಿಲ್ಲರ್ ಎನ್ನಲು ಸಂಕೋಚಪಡುವವರು ಅದನ್ನು ಕೈಯಿಂದ ಕೆಳಗಿಡದೆ ಓದಿದವರೇ ಆಗಿರುತ್ತಾರೆ.

ಮಲ್ಲಿಗೆ ಮತ್ತು ಮಂಗಳಗ್ರಹ

ಒಪ್ಪಿದೆ, ಆದರೆ ಅರ್ಧ. ನನ್ನ ಅನುಮಾನ ಏನೆಂದರೆ, ಪ್ರಶಸ್ತಿ ಬಂದವರನ್ನು ನಮ್ಮ ಪಟ್ಟಿಗೆ ಎಳೆದುಕೊಂಡು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ವೈಜ್ಞಾನಿಕ ಕಥೆಗಳನ್ನು ವೈಜ್ಞಾನಿಕ ಕಥೆಗಳೆಂದೇ ಹೆಸರಿಟ್ಟು ಬರೆದ ರಾಜಶೇಖರ ಭೂಸನೂರಮಠರನ್ನು ಎಷ್ಟು ಜನ ಓದಿದ್ದೀರಿ? ನನ್ನ ಓದುತ್ತಿರುವ ಪಟ್ಟಿಯಲ್ಲಿ ಈಗ ಅವರಿದ್ದಾರೆ. ಪ್ರತಿ ಸಿಗುವುದೇ ಕಷ್ಟವಾಗಿ, ಕೊನೆಗೆ ಧಾರವಾಡದ ನೆಂಟರ ಮನೆಯಿಂದ ತರಿಸಿಕೊಂಡೆ. ಭಾಷೆ ಕೆಲವು ಕಡೆ ಒರಟು, ವಿವರಣೆ ಕೆಲವು ಕಡೆ ಪಾಠದಂತಿದೆ. ಆದರೂ ಕನ್ನಡದಲ್ಲಿ ಇಷ್ಟು ದೂರ ಕಲ್ಪಿಸಬಹುದು ಎಂಬ ಧೈರ್ಯ ಅಲ್ಲಿದೆ.

ಗಣೇಶಯ್ಯನವರದ್ದಕ್ಕೆ ನಾನು ಬೇರೆಯೇ ಕಾಲಂ ಇಟ್ಟಿದ್ದೇನೆ: ‘ಇತಿಹಾಸ ಎಷ್ಟು, ಕಲ್ಪನೆ ಎಷ್ಟು’. ಅವರು ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದವರು, ಕಾದಂಬರಿಯ ಜೊತೆಗೇ ಆಧಾರಗಳನ್ನೂ ಚಿತ್ರಗಳನ್ನೂ ಕೊಡುತ್ತಾರೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ ಎಂಬ ಪ್ರಶ್ನೆಯಿಂದ ‘ಕನಕ ಮುಸುಕು’ ಹುಟ್ಟುತ್ತದೆ. ಮುಸುಕಿನ ಜೋಳ ಅಮೆರಿಕದ ಬೆಳೆ, ಕೊಲಂಬಸ್ ಹೋದದ್ದು 1492ರಲ್ಲಿ, ಸೋಮನಾಥಪುರದ ದೇವಾಲಯ 13ನೇ ಶತಮಾನದ್ದು. ಪುಸ್ತಕ ಮುಗಿಸಿದ ಮೇಲೆ ಆ ಜಾಗಕ್ಕೆ ಹೋಗಿ ನೋಡದಿದ್ದರೆ ‘ಮುಗಿಸಿದ್ದು’ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಅದು ಜೋಳವಲ್ಲ, ಬೇರೆ ಹಣ್ಣು ಎನ್ನುವ ವಿದ್ವಾಂಸರೂ ಇದ್ದಾರೆ. ಅದನ್ನೂ ಅದೇ ಕಾಲಂನಲ್ಲಿ ಬರೆದುಕೊಂಡಿದ್ದೇನೆ.

ಗ್ರಂಥಪಾಲಕಿ

ರಾತ್ರಿಪಾಳಿಯವರು ಹೇಳಿದ ಎರಡನೆಯ ತೊಡಕಿಗೆ ಯಾರೂ ಸರಿಯಾಗಿ ಉತ್ತರಿಸಿಲ್ಲ: ಆ್ಯಪ್‌ಗಳಿಗೆ ಕನ್ನಡದ ಹಳೆಯ ಪತ್ತೇದಾರಿಗಳು ಏಕೆ ಸಿಗುವುದಿಲ್ಲ? ನನ್ನ ವೃತ್ತಿಗೆ ಸೇರಿದ ವಿಷಯವಾದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಆ್ಯಪ್‌ಗಳು ಪುಸ್ತಕವನ್ನು ಗುರುತಿಸುವುದು ಮುಖ್ಯವಾಗಿ ಐಎಸ್‌ಬಿಎನ್ ಎಂಬ, ಪುಸ್ತಕಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಯಿಂದ. ಮೊದಲು 10 ಅಂಕಿಗಳಿದ್ದವು, 2007ರಿಂದ 13. ಭಾರತದ ಪುಸ್ತಕಗಳಲ್ಲಿ 978ರ ನಂತರ 81 ಅಥವಾ 93 ಬರುತ್ತದೆ. 1950, 60ರ ದಶಕಗಳ ಪತ್ತೇದಾರಿಗಳು ಅಚ್ಚಾದಾಗ ಈ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಆಮೇಲೆಯೂ ಸಣ್ಣ ಪ್ರಕಾಶಕರು ಸಂಖ್ಯೆ ಪಡೆಯುವ ಗೋಜಿಗೆ ಹೋಗದೆ ತಂದ ಪುಸ್ತಕಗಳು ಬೇಕಾದಷ್ಟು. ಬಾರ್‌ಕೋಡ್ ಇಲ್ಲದ ಪುಸ್ತಕದ ಎದುರು ಮೊಬೈಲ್ ಹಿಡಿದು ನಿಂತರೆ ಏನು ಸಿಕ್ಕೀತು?

ಇನ್ನು ಕಾಗುಣಿತದ ಕಾಟ. ‘ಕರ್ವಾಲೊ’ ಎಂದು ಒಂದು ನಮೂದು, ‘ಕರ್ವಾಲೋ’ ಎಂದು ಇನ್ನೊಂದು, ರೋಮನ್ ಲಿಪಿಯಲ್ಲಿ ಎರಡು ಮೂರು ಬಗೆ. ಲೇಖಕರ ಹೆಸರು ಕೆ.ಪಿ. ಸೇರಿಸಿ ಒಂದು, ಸೇರಿಸದೆ ಒಂದು. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಮನುಷ್ಯರು, ಬೇರೆ ಬೇರೆ ಪುಸ್ತಕಗಳು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪಟ್ಟಿಗಳಾದರೆ ಯೂನಿಕೋಡ್‌ಗೆ ಪರಿವರ್ತಿಸದೆ ಹುಡುಕಲು ಹೋದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಎಕ್ಸೆಲ್ ಅಣ್ಣನವರು ಇದಕ್ಕೂ ಒಂದು ಕಾಲಂ ಇಡಬೇಕು.

ಹಾಗಾದರೆ ಗ್ರಂಥಾಲಯಗಳಲ್ಲಿ ಇವು ಇರಬೇಕಲ್ಲವೇ ಎಂದು ಕೇಳುತ್ತೀರಿ. 1954ರ ಕಾಯಿದೆಯ ಪ್ರಕಾರ ಪ್ರಕಾಶಕರು ಪ್ರತಿ ಪುಸ್ತಕದ ಪ್ರತಿಯನ್ನು ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗ್ರಂಥಾಲಯಗಳಿಗೂ ಕಳುಹಿಸಬೇಕು. ಕಾಯಿದೆ ಇರುವುದು ಬೇರೆ, ಪಾಲಿಸುವುದು ಬೇರೆ. ಅದರ ಮೇಲೆ ಈ ಬಗೆಯ ಕಾದಂಬರಿಗಳ ಬಗ್ಗೆ ಎಲ್ಲರಿಗೂ ಇದ್ದ ತಾತ್ಸಾರ. ಬಸ್ ನಿಲ್ದಾಣದಲ್ಲಿ ಕೊಂಡು, ಊರು ಸೇರುವಷ್ಟರಲ್ಲಿ ಓದಿ, ಅಲ್ಲೇ ಯಾರಿಗೋ ಕೊಟ್ಟುಬಿಡುವ ಪುಸ್ತಕವನ್ನು ಕಾಪಿಡಬೇಕು ಎಂದು ಯಾರಿಗೂ ಅನಿಸಲಿಲ್ಲ. ಕಾಗದವೂ ಅಗ್ಗದ್ದು, ಆಮ್ಲದ ಅಂಶ ಇರುವುದರಿಂದ ಹಳದಿಯಾಗಿ ಅಂಚು ಪುಡಿಯಾಗುತ್ತದೆ. ನರಸಿಂಹಯ್ಯನವರ ಕೃತಿಗಳ ಪೂರ್ಣ ಪಟ್ಟಿ ಮಾಡಲು ಹೊರಟವರಿಗೆ ಪುಸ್ತಕಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಓದುಗರ ಡೈರಿಗಳು, ಹಳೆಯ ಪುಸ್ತಕಗಳ ಹಿಂಬದಿಯ ಜಾಹೀರಾತುಗಳು, ಬಾಡಿಗೆ ಲೈಬ್ರರಿಗಳ ರಿಜಿಸ್ಟರುಗಳು.

ಅದಕ್ಕೇ ಹೇಳುತ್ತಿದ್ದೇನೆ, ಹಳೇ ಪುಟ ಸರ್ ಅವರ ಡೈರಿ ಸ್ವಂತದ ಜಮಾಖರ್ಚು ಮಾತ್ರವಲ್ಲ. ಇಂಗ್ಲಿಷ್ ಓದುಗರು ಪಟ್ಟಿ ಇಡುವುದು ತಮಗೋಸ್ಕರ, ಏಕೆಂದರೆ ಪುಸ್ತಕದ ವಿವರ ಬೇರೆಲ್ಲೋ ಭದ್ರವಾಗಿದೆ. ಷರ್ಲಾಕ್ ಹೋಮ್ಸ್‌ನ 4 ಕಾದಂಬರಿ, 56 ಕಥೆ ಎಂದು ಜಗತ್ತಿನ ಯಾವ ಮೂಲೆಯಲ್ಲಿ ಕೇಳಿದರೂ ಹೇಳುತ್ತಾರೆ. ನಮ್ಮ ಪುರುಷೋತ್ತಮನ ಪ್ರಕರಣಗಳು ಎಷ್ಟು ಎಂದು ಯಾರನ್ನು ಕೇಳುತ್ತೀರಿ? ಕನ್ನಡದ ಪತ್ತೇದಾರಿ ಓದುಗರು ಪಟ್ಟಿ ಇಡದಿದ್ದರೆ ಆ ಪುಸ್ತಕ ಇತ್ತು ಎಂಬುದಕ್ಕೇ ಸಾಕ್ಷಿ ಇರುವುದಿಲ್ಲ.

ಕೊನೆಪುಟ ಮೊದಲು

ಇಷ್ಟು ಹೇಳಿದ ಮೇಲೆ ನಾನು ಪಟ್ಟಿಯ ವಿರುದ್ಧ ಮಾತನಾಡಿದರೆ ಚೆನ್ನಾಗಿರುವುದಿಲ್ಲ. ಆದರೆ ವರ್ಷಕ್ಕೆ ಇಷ್ಟು ಪುಸ್ತಕ ಎಂದು ಗುರಿ ಹಾಕಿಕೊಳ್ಳುವ ಪದ್ಧತಿಯನ್ನು ಈಗಲೂ ವಿರೋಧಿಸುತ್ತೇನೆ. ಡಿಸೆಂಬರ್ ಬಂದರೆ ಜನ ತೆಳ್ಳಗಿನ ಪುಸ್ತಕ ಹುಡುಕುತ್ತಾರೆ. ಎಂಬತ್ತು ಪುಟದ ಪತ್ತೇದಾರಿಯೂ ಒಂದು, ಎಂಟುನೂರು ಪುಟದ ಮಹಾಸರಣಿಯ ಭಾಗವೂ ಒಂದು. ಇದು ಯಾವ ನ್ಯಾಯ?

ನೇರಳೆ ಮಾರ್ಗ

ಪುಟಗಳ ಲೆಕ್ಕ ಇಟ್ಟರೂ ಅದೇ ಕಥೆ, ಅಕ್ಷರದ ಗಾತ್ರ ದೊಡ್ಡದಿರುವ ಮುದ್ರಣ ಕೊಳ್ಳುತ್ತಾರೆ. ನಾನು ಗುರಿಯನ್ನು ಸೊನ್ನೆ ಎಂದು ಇಟ್ಟುಕೊಂಡಿದ್ದೇನೆ.

ರಾಗಿಗುಡ್ಡದ ರಾತ್ರಿಪಾಳಿ

‘ಮುಂದಿನದು’ ಬಗ್ಗೆ ಯಾರೂ ಹೇಳಲಿಲ್ಲ. ಇಂಗ್ಲಿಷ್‌ನಲ್ಲಿ ಯಾವ ಪುಸ್ತಕ ಯಾವ ತಾರೀಕಿಗೆ ಬರುತ್ತದೆ ಎಂದು ವರ್ಷದ ಮೊದಲೇ ತಿಳಿಯುತ್ತದೆ. ಕನ್ನಡದಲ್ಲಿ ಹೊಸ ಥ್ರಿಲ್ಲರ್ ಬಂದದ್ದು ಎಷ್ಟೋ ಸಲ ಎರಡನೆಯ ಮುದ್ರಣದ ಸುದ್ದಿ ಬಂದಾಗ ಗೊತ್ತಾಗುತ್ತದೆ.

ಮಲ್ಲಿಗೆ ಮತ್ತು ಮಂಗಳಗ್ರಹ

ಲೇಖಕರನ್ನೂ ಪ್ರಕಾಶಕರನ್ನೂ ಫೇಸ್‌ಬುಕ್‌ನಲ್ಲಿ ಹಿಂಬಾಲಿಸುವುದೇ ಸದ್ಯಕ್ಕೆ ದಾರಿ, ಮುಖಪುಟ ಮೊದಲು ಬರುವುದು ಅಲ್ಲೇ. ಬಿಡುಗಡೆಗೆ ಮುಂಚೆ ಕಾಯ್ದಿರಿಸಿದರೆ ಲೇಖಕರ ಸಹಿ ಇರುವ ಪ್ರತಿ ಕೊಡುವವರೂ ಇದ್ದಾರೆ. ಭಾನುವಾರದ ಪತ್ರಿಕೆಗಳ ಪುಸ್ತಕ ಪುಟ ತಡವಾಗಿ ಹೇಳುತ್ತದೆ, ಆದರೂ ತಪ್ಪಿಸಿಕೊಂಡದ್ದನ್ನು ಹಿಡಿಯಲು ಸಾಕು. ಮೈಸೂರಿನ ಅನುಷ್ ಶೆಟ್ಟಿಯವರ ‘ಹುಲಿ ಪತ್ರಿಕೆ’ ಸಿಕ್ಕಿದ್ದು ನನಗೆ ಹೀಗೆ ಯಾರೋ ಹಂಚಿಕೊಂಡ ಒಂದು ಮುಖಪುಟದಿಂದ.

ಹಳೇ ಪುಟ

ಭಾನುವಾರ ಬೆಳಗ್ಗೆ ಬಸವನಗುಡಿಯ ವಾಡಿಯಾ ಸಭಾಂಗಣದ ಕಡೆ ಒಂದು ಸುತ್ತು ಬನ್ನಿ, ಯಾವುದಾದರೂ ಪುಸ್ತಕದ ಬಿಡುಗಡೆ ಇದ್ದೇ ಇರುತ್ತದೆ. ಉಪ್ಪಿಟ್ಟು, ಕೇಸರಿಬಾತ್ ಮುಗಿಸಿ, ಭಾಷಣ ಮುಗಿಯುವ ಮೊದಲೇ ಹೊರಗಿನ ಮೇಜಿನ ಬಳಿ ಹೋದರೆ ರಿಯಾಯಿತಿಯಲ್ಲಿ ಪ್ರತಿ ಸಿಗುತ್ತದೆ. ಗಾಂಧಿ ಬಜಾರಿನ ಅಂಕಿತ ಪುಸ್ತಕದ ಅಂಗಡಿಗೆ ಅಲ್ಲಿಂದ ನಡೆದೇ ಹೋಗಬಹುದು. ನವೆಂಬರ್‌ವರೆಗೆ ತಡೆದುಕೊಳ್ಳುವ ಶಕ್ತಿ ಇದ್ದರೆ ರಾಜ್ಯೋತ್ಸವದ ರಿಯಾಯಿತಿ ಹೇಗೂ ಇದೆ. ಪತ್ತೇದಾರಿ ಬಿಡುಗಡೆಗೆ ಮಾತ್ರ ವೇದಿಕೆ ಕಟ್ಟುವುದು ಕಡಿಮೆ. ಅದನ್ನು ಅಂಗಡಿಯವರನ್ನೇ ಕೇಳಬೇಕು.

ಎಕ್ಸೆಲ್ ಅಣ್ಣ

ನನ್ನ ‘ಮುಂದಿನದು’ ಪಟ್ಟಿಯಲ್ಲಿ ಒಂದು ನಿಯಮವಿದೆ: ಯಾರು ಹೇಳಿದ್ದಕ್ಕೆ ಸೇರಿಸಿದೆ ಎಂದು ಬರೆಯದೆ ಯಾವ ಹೆಸರೂ ಒಳಗೆ ಬರುವುದಿಲ್ಲ. ಕಾರಣ ನೆನಪಿಲ್ಲದ ಹೆಸರುಗಳನ್ನು ಯುಗಾದಿಗೆ ಅಳಿಸುತ್ತೇನೆ. ಇನ್ನೂ ಬರೆದೇ ಇಲ್ಲದ ಪುಸ್ತಕಗಳಿಗೆ ಬೇರೆ ಹಾಳೆ. ಜಾರ್ಜ್ ಮಾರ್ಟಿನ್ ‘ಗೇಮ್ ಆಫ್ ಥ್ರೋನ್ಸ್’ನಿಂದ ಶುರುವಾದ ಸರಣಿಯ ಐದನೆಯ ಭಾಗ ಕೊಟ್ಟದ್ದು 2011ರಲ್ಲಿ. ಆರನೆಯದನ್ನು ‘ಮುಂದಿನದು’ ಎಂದು ಕರೆಯಲು ನನಗೆ ಕೈ ಬರುತ್ತಿಲ್ಲ.

ಗ್ರಂಥಪಾಲಕಿ

ಒಂದು ಪ್ರಸ್ತಾಪ. ಹಳೇ ಪುಟ ಸರ್ ಒಪ್ಪುವುದಾದರೆ, ಅವರ ಡೈರಿಗಳಲ್ಲಿರುವ ಪತ್ತೇದಾರಿಗಳ ವಿವರವನ್ನು ನಾವೇ ಹಂಚಿಕೊಂಡು ಒಂದು ಹಾಳೆಗೆ ಏರಿಸೋಣ. ಮನೆಯಲ್ಲಿ ಹಳೆಯ ಪ್ರತಿ ಇರುವವರು ಮುದ್ರಣ ವಿವರದ ಪುಟದ ಚಿತ್ರ ತೆಗೆಯಿರಿ: ಪ್ರಕಾಶನ, ವಿಳಾಸ, ಮುದ್ರಣಾಲಯ, ವರ್ಷ, ಬೆಲೆ. ಹಿಂಬದಿಯ ಜಾಹೀರಾತನ್ನೂ ಬಿಡಬೇಡಿ, ‘ಇದೇ ಲೇಖಕರ ಇತರ ಕೃತಿಗಳು’ ಎಂಬ ಪಟ್ಟಿ ಇರುವುದು ಅಲ್ಲೇ. ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವುದು ಬೇಡ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ, ನರಸಿಂಹಯ್ಯನವರು ಹೋದದ್ದು 2011ರಲ್ಲಿ. ವಿವರ ಬರೆದಿಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಳೇ ಪುಟ

ಡೈರಿ ಕೊಡಲು ಒಪ್ಪಿದೆ, ಆದರೆ ಓದಿನ ವಿವರದ ಪಕ್ಕದಲ್ಲೇ ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ನನ್ನ ಹೆಂಡತಿಯ ತಮ್ಮನಿಗೆ ಕೊಟ್ಟ ಸಾಲದ ಲೆಕ್ಕ ಎಲ್ಲವೂ ಇದೆ. ಅದನ್ನು ಯಾರೂ ಹಾಳೆಗೆ ಏರಿಸಬಾರದು. ಒಂದು ಅನುಮಾನವೂ ಇದೆ. ನನ್ನ ಬಳಿ ಮೊದಲ ಹಾಳೆಗಳೇ ಹರಿದುಹೋದ ಎರಡು ಮೂರು ಪತ್ತೇದಾರಿಗಳಿವೆ. ಹೆಸರೂ ಇಲ್ಲ, ಲೇಖಕರೂ ಇಲ್ಲ. ಅವನ್ನು ಹೇಗೆ ಸೇರಿಸುವುದು?

ಗ್ರಂಥಪಾಲಕಿ

ಪುಟಗಳ ಮೇಲಂಚನ್ನು ನೋಡಿ ಸರ್, ಕೆಲವು ಪ್ರಕಾಶಕರು ಅಲ್ಲಿ ಕಾದಂಬರಿಯ ಹೆಸರನ್ನು ಅಚ್ಚು ಹಾಕಿರುತ್ತಾರೆ. ಅಲ್ಲಿಯೂ ಇಲ್ಲದಿದ್ದರೆ ನಾವು ಸೂಚಿಕಾರರು ಮಾಡುವಂತೆ, ನೀವೇ ಒಂದು ತಾತ್ಕಾಲಿಕ ಹೆಸರು ಕೊಟ್ಟು ಚೌಕ ಆವರಣದೊಳಗೆ ಬರೆಯಿರಿ. ಜೊತೆಗೆ ಉಳಿದಿರುವ ಮೊದಲ ಪುಟದ ಸಂಖ್ಯೆ, ಅದರ ಮೊದಲ ಸಾಲು, ಪತ್ತೇದಾರನ ಹೆಸರು. ಪೂರ್ತಿ ಪ್ರತಿ ಇರುವವರು ಹೋಲಿಸಿ ಹೇಳಬಹುದು.

ಕೊನೆಪುಟ ಮೊದಲು

ಕೊನೆಯ ಸಾಲನ್ನೂ ಬರೆದರೆ ಹೋಲಿಸಲು ಇನ್ನೂ ಸುಲಭವಲ್ಲವೇ?

ಎಕ್ಸೆಲ್ ಅಣ್ಣ

ಬೇಡ. ಬರೆಯುವುದೇ ಆದರೆ ಕಾಲಂ ಅನ್ನು ಅಡಗಿಸಿ ಇಡುತ್ತೇನೆ, ಕೇಳಿದವರಿಗೆ ಮಾತ್ರ ತೆರೆಯುತ್ತೇನೆ. ಹಾಳೆ ಸಿದ್ಧವಾಗಿದೆ, ಹಳೇ ಪುಟ ಸರ್ ಮೊದಲ ಡೈರಿಯ ಚಿತ್ರ ಕಳುಹಿಸಿದರೆ ಇಂದು ರಾತ್ರಿಯೇ ಶುರು ಮಾಡಬಹುದು. ಹಾಲಿನ ಲೆಕ್ಕದ ಮೇಲೆ ಒಂದು ಕಾಗದ ಮುಚ್ಚಿ ಚಿತ್ರ ತೆಗೆಯಿರಿ.